ಕೇಟೆ ಕೋಲ್ವಿಟ್ಸ್ ಬಣ್ಣ ಬಿಟ್ಟು ಅಚ್ಚಿನ ಕಲೆಗೆ ಬಂದದ್ದೇಕೆ?

ಪ್ರಶ್ನೆ:
ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ (1867–1945) ಅವರ ಎಚಿಂಗ್‌ಗಳನ್ನು (ಲೋಹದ ತಗಡಿನ ಮೇಲೆ ಆಮ್ಲದಿಂದ ರೇಖೆ ಕೊರೆದು ತೆಗೆದ ಅಚ್ಚುಗಳನ್ನು) ಕೆಲವು ತಿಂಗಳುಗಳಿಂದ ಮನಸ್ಸಿಟ್ಟು ನೋಡುತ್ತಿದ್ದೇನೆ. ವರ್ಣಚಿತ್ರಕಾರರಾಗಬೇಕೆಂದು ಹೊರಟವರು ಕಪ್ಪು ಬಿಳುಪಿನಲ್ಲೇ ನೆಲೆನಿಂತದ್ದೇಕೆ? ಅವರು ಪಡೆದ ಶಿಕ್ಷಣದಲ್ಲಿ ಇದಕ್ಕೆ ಕಾರಣವಿತ್ತೇ?

ಉತ್ತರ 1:
ಬಹುಮಟ್ಟಿಗೆ ಇತ್ತೆಂದೇ ನನ್ನ ಅಭಿಪ್ರಾಯ. ಹುಟ್ಟೂರು ಕೋನಿಗ್ಸ್‌ಬರ್ಗ್‌ನಲ್ಲಿ ಮಗಳ ಕೈಗುಣವನ್ನು ಬೇಗನೆ ಗುರುತಿಸಿದ ತಂದೆ ಅವರನ್ನು ಮೊದಲು ಪಾಠಕ್ಕೆ ಕಳಿಸಿದ್ದೇ ರುಡಾಲ್ಫ್ ಮೌವರ್ ಎಂಬ ತಾಮ್ರಫಲಕದ ಕೆತ್ತನೆಗಾರರ ಬಳಿಗೆ. ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಕಾಲವದು. ಹಾಗಾಗಿ ಬರ್ಲಿನ್‌ನ ಮಹಿಳಾ ಕಲಾಶಾಲೆಯನ್ನು ಸೇರಿದಾಗ, ಅಲ್ಲಿ ಗುರುಗಳಾಗಿದ್ದ ಕಾರ್ಲ್ ಸ್ಟೌಫರ್-ಬೆರ್ನ್ ಅವರು ಬಣ್ಣಕ್ಕಾಗಿ ಹಂಬಲಿಸುತ್ತಿದ್ದ ಈ ಶಿಷ್ಯೆಯನ್ನು ಮತ್ತೆ ಮತ್ತೆ ರೇಖೆಯ ಕಡೆಗೇ ತಿರುಗಿಸಿದರು. ಜರ್ಮನ್ ಕಲಾವಿದ ಮಾಕ್ಸ್ ಕ್ಲಿಂಗರ್ ಅವರ ಎಚಿಂಗ್ ಸರಣಿಯತ್ತಲೂ ಶಿಷ್ಯೆಯ ಗಮನ ಸೆಳೆದರು. ಮ್ಯೂನಿಕ್‌ನಲ್ಲಿ ಲುಡ್ವಿಗ್ ಹೆರ್ಟೆರಿಖ್ ಅವರ ಬಳಿ ಬಣ್ಣದ ಅಭ್ಯಾಸವೂ ನಡೆಯಿತು. ಆದರೆ ಬದುಕಿನ ಕತ್ತಲ ಮುಖಕ್ಕೆ ರೇಖೆಯೇ ತಕ್ಕದ್ದೆಂದು ಕ್ಲಿಂಗರ್ ವಾದಿಸಿದ್ದ ಬರಹವನ್ನು ಓದಿದ ಮೇಲೆ, ತಾನು ವರ್ಣಚಿತ್ರಕಾರಳಲ್ಲ ಎಂಬುದು ಅವರಿಗೆ ಮನದಟ್ಟಾಯಿತು.

ಉತ್ತರ 2:
ಶಾಲೆಯ ಹೊರಗಿನ ಕಲಿಕೆಯನ್ನೂ ಇದಕ್ಕೆ ಸೇರಿಸಬೇಕು. 1891ರಲ್ಲಿ ವೈದ್ಯ ಕಾರ್ಲ್ ಕೋಲ್ವಿಟ್ಸ್ ಅವರನ್ನು ಮದುವೆಯಾಗಿ, ಬರ್ಲಿನ್‌ನ ಕಾರ್ಮಿಕರ ಬಡಾವಣೆಯೊಂದರಲ್ಲಿ ಸಂಸಾರ ಹೂಡಿದರು. ಎರಡು ವರ್ಷಗಳ ನಂತರ ಗೆರ್ಹಾರ್ಟ್ ಹೌಪ್ಟ್‌ಮನ್ ಅವರ ನೇಕಾರರ ದಂಗೆಯ ನಾಟಕವನ್ನು ನೋಡಿ, ಅದೇ ವಸ್ತುವಿನ ಮೇಲೆ ಆರು ಚಿತ್ರಗಳ ಸರಣಿಯನ್ನು ಕೈಗೆತ್ತಿಕೊಂಡರು. ಎಲ್ಲವನ್ನೂ ಎಚಿಂಗ್‌ನಲ್ಲಿಯೇ ಮಾಡಬೇಕೆಂಬ ಆಸೆಯಿತ್ತು. ಆದರೆ ತಾಮ್ರದ ತಗಡು ಮತ್ತು ಆಮ್ಲದ ಕೆಲಸ ಇನ್ನೂ ಕೈಹತ್ತಿರಲಿಲ್ಲವಾದ್ದರಿಂದ ಮೊದಲ ಮೂರನ್ನು ಕಲ್ಲಚ್ಚಿನಲ್ಲಿ (ಲಿಥೋಗ್ರಫಿಯಲ್ಲಿ) ಮಾಡಿ, ಕೊನೆಯ ಮೂರನ್ನು ಮಾತ್ರ ಎಚಿಂಗ್‌ನಲ್ಲಿ ಸಾಧಿಸಿದರು. ಆ ಸರಣಿಯನ್ನು ನೋಡುವಾಗ ಒಬ್ಬ ಕಲಾವಿದೆ ತನ್ನ ಕಸುಬನ್ನು ಕಲಿಯುತ್ತಿರುವುದನ್ನೇ ನೋಡುತ್ತೇವೆ, ನನಗೆ ಅದು ಅಷ್ಟು ಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣ. 1898ರ ಪ್ರದರ್ಶನದಲ್ಲಿ ಹಿರಿಯ ಕಲಾವಿದ ಮೆಂಜೆಲ್ ಇದಕ್ಕೆ ಪದಕ ಸಲ್ಲಬೇಕೆಂದರೂ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಒಪ್ಪಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಮರಗೆತ್ತನೆಯನ್ನು (ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಅಚ್ಚು ತೆಗೆಯುವುದನ್ನು) ಅವರು ಯಾರಿಂದ ಕಲಿತರು?

ಉತ್ತರ 3:
ಅದಕ್ಕೆ ಪ್ರೇರಣೆಯಾದದ್ದು 1920ರಲ್ಲಿ ಅವರು ಕಂಡ ಶಿಲ್ಪಿ ಎರ್ನ್ಸ್ಟ್ ಬಾರ್ಲಾಖ್ ಅವರ ಮರಗೆತ್ತನೆಗಳು. ಆಗ ಕೋಲ್ವಿಟ್ಸ್ ಅವರಿಗೆ ಐವತ್ತು ದಾಟಿತ್ತು. ಕೊಲೆಯಾದ ಸಮಾಜವಾದಿ ನಾಯಕ ಕಾರ್ಲ್ ಲೀಬ್‌ಕ್ನೆಖ್ಟ್ ಅವರ ಸ್ಮಾರಕಚಿತ್ರವನ್ನು ಎಚಿಂಗ್‌ನಲ್ಲಿಯೂ ಕಲ್ಲಚ್ಚಿನಲ್ಲಿಯೂ ಪ್ರಯತ್ನಿಸಿ ತೃಪ್ತರಾಗದೆ, ಕೊನೆಗೆ ಮರದಲ್ಲಿ ಕೆತ್ತಿದರು. ಕಿರಿಯ ಮಗ ಪೀಟರ್ 1914ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತ ದುಃಖವನ್ನು ಹೊತ್ತ ಯುದ್ಧಸರಣಿಯ ಏಳು ಚಿತ್ರಗಳೂ ಮರಗೆತ್ತನೆಗಳೇ.