ಪ್ರತ್ಯರ್ಪಿಸು ಅಂದ್ರೆ ಬರೀ ವಾಪಸ್ ಕೊಡೋದಾ?

ಹೋದ್ ವಾರ ಅಪ್ಪನ ಚಿನ್ನದ ಸಾಲ ತೀರ್ತು, ಸೊಸೈಟಿಯವ್ರು ಒಡವೆ ಜೊತೆ ಒಂದ್ ಪತ್ರ ಕೊಟ್ರು, ಅದ್ರಲ್ಲಿ ‘ಅಡಮಾನವಿರಿಸಿದ್ದ ಆಭರಣಗಳನ್ನು ಪ್ರತ್ಯರ್ಪಿಸಲಾಗಿದೆ’ ಅಂತಿತ್ತು. ಅಪ್ಪ ಕನ್ನಡಕ ಏರಿಸ್ಕೊಂಡು ‘ಅರ್ಪಿಸೋದು ದೇವ್ರಿಗಲ್ವೇನೋ, ನಂಗ್ಯಾಕೆ?’ ಅಂದ್ರು.

ಬಿಡಿಸಿದ್ರೆ ಪ್ರತಿ + ಅರ್ಪಣ, ಯಣ್ ಸಂಧಿ. ಅರ್ಪಣದ ಮೂಲ ಸಂಸ್ಕೃತದ ಋ ಧಾತು, ಹೋಗು ಅಂತ ಅರ್ಥ. ಅದರ ಪ್ರೇರಣಾರ್ಥಕ ರೂಪದಲ್ಲಿ ನಡುವೆ ಒಂದು ಪಕಾರ ನುಗ್ಗಿ (ಪಾಣಿನಿಯ ವ್ಯಾಕರಣ ಅಷ್ಟಾಧ್ಯಾಯಿಯ ಸೂತ್ರ 7.3.36) ಅರ್ಪಯತಿ ಆಗುತ್ತೆ, ಅಂದ್ರೆ ಹೋಗೋ ಹಾಗೆ ಮಾಡು, ತಲುಪಿಸು, ಕೈಗಿಡು. ಮೂಲದಲ್ಲಿ ಭಕ್ತಿಗಿಕ್ತಿ ಏನಿಲ್ಲ, ಹೂವು, ನೈವೇದ್ಯ, ಶ್ರದ್ಧಾಂಜಲಿ ಜೊತೆ ಓಡಾಡಿ ಓಡಾಡಿ ಕನ್ನಡದಲ್ಲಿ ಮಡಿ ಉಟ್ಕೊಂಡಿದೆ ಅಷ್ಟೆ. ಇನ್ನೊಂದು, ಮರಳು–ಮರಳಿಸು, ತಿರುಗು–ತಿರುಗಿಸು ಇವುಗಳಲ್ಲಿ ಇಸು ನಿಜವಾಗ್ಲೂ ‘ಹಾಗಾಗೋ ತರ ಮಾಡು’ ಅನ್ನೋ ಕೆಲಸ ಮಾಡುತ್ತೆ, ಅರ್ಪಿಸುನಲ್ಲಿ ಮಾತ್ರ ಆ ಕೆಲಸ ಸಂಸ್ಕೃತದಲ್ಲೇ ಮುಗಿದಿದೆ, ಇಸು ಬರೀ ಕನ್ನಡದ ಮುದ್ರೆ.

ಆದ್ರೆ ಇದು ಹಿಂದಿರುಗಿಸು ಅನ್ನೋದಕ್ಕೆ ಜರಿ ಪೇಟ ಸುತ್ತಿದ್ದು ಅಷ್ಟೇ ಅಂತ ನಂಗನ್ಸಲ್ಲ. ಕಾಳಿದಾಸನ ಶಾಕುಂತಲ ನಾಟಕದ ನಾಲ್ಕನೇ ಅಂಕದ ಕೊನೇಲಿ ಮಗಳನ್ನ ಕಳಿಸಿಕೊಟ್ಟ ಕಣ್ವ, ಮನಸ್ಸು ತಿಳಿಯಾಯ್ತು, ‘ಪ್ರತ್ಯರ್ಪಿತನ್ಯಾಸ ಇವ’ (ನ್ಯಾಸ ವಾಪಸ್ ಒಪ್ಪಿಸಿದ ಹಾಗೆ) ಅಂತಾನಲ್ಲ, ನ್ಯಾಸ ಅಂದ್ರೆ ನಂಬಿ ಇಟ್ಟ ಗಂಟು, ಅದನ್ನ ಒಡೆಯನ ಕೈಗೆ ಒಪ್ಪಿಸಿದಾಗ ಆಗೋ ನಿರಾಳ. (ಹೆಣ್ಣುಮಕ್ಕಳನ್ನ ಪರರ ಸೊತ್ತು ಅನ್ನೋ ಅದೇ ಶ್ಲೋಕದ ಮಾತು ಓದಿದಾಗೆಲ್ಲ ಚುಚ್ಚುತ್ತೆ, ಅದು ಬೇರೆ ವಿಷ್ಯ.) ಅಂದ್ರೆ ಮೊದ್ಲಿಂದಲೂ ಇನ್ನೊಬ್ರದೇ ಆಗಿದ್ದು, ನಮ್ಮ ಹತ್ರ ಜೋಪಾನಕ್ಕಿದ್ದದ್ದು. ಟಿಕೆಟ್ ಕ್ಯಾನ್ಸಲ್ ಆಗಿ ಬಂದ ದುಡ್ಡಿಗೆ ಈ ಪದ ಒಗ್ಗಲ್ಲ, ಅದಕ್ಕೆ ಮರುಪಾವತಿ ಸಾಕು. ಸಾಲಕ್ಕೆ ಅಡವಿಟ್ಟ ವಸ್ತುವಿಗೆ ಸಂಸ್ಕೃತದಲ್ಲಿ ನ್ಯಾಸ ಅಲ್ದೆ ಆಧಿ ಅಂತ ಬೇರೆ ಪದ ಇದೆ ನಿಜ, ಆದ್ರೂ ಸೊಸೈಟಿ ಗುಮಾಸ್ತರು ಅಪ್ಪ ಅಂದ್ಕೊಂಡಷ್ಟು ತಪ್ಪೇನ್ ಬರ್ದಿಲ್ಲ. ಹಿಂದಿಯವ್ರು ಇದೇ ಪ್ರತ್ಯರ್ಪಣನ ಓಡಿಹೋದ ಆರೋಪಿನ ಇನ್ನೊಂದು ದೇಶದಿಂದ ಒಪ್ಪಿಸ್ಕೊಳ್ಳೋದಕ್ಕೆ ಹಾಕಿದಾರೆ, 1962ರ ಕಾಯ್ದೆ ಹೆಸ್ರೇ ಹಾಗಿದೆ, ನಮ್ಮ ಪೇಪರ್‌ನವ್ರು ಹಸ್ತಾಂತರ ಅಂತಾರೆ.

ಹಿಂದಿರುಗಿಸು ಸರಿನಾ ಹಿಂತಿರುಗಿಸು ಸರಿನಾ ಅಂತ ಯಾರಾದ್ರೂ ಕೇಳೇ ಕೇಳ್ತೀರ. ಹಿಂಗಾರು, ಹಿಂಗಾಲು ತರ ಆದೇಶಸಂಧಿ ಆದ್ರೆ ತಿ ಹೋಗಿ ದಿ, ಆದ್ರೆ ಹಿಂತೆಗೆ ಅನ್ನೋದ್ರಲ್ಲಿ ತ ಹಾಗೇ ಉಳಿದಿದೆಯಲ್ಲ, ನಂಗೆ ಎರಡೂ ಓಕೆ.

ನನ್ನ ನಿಜವಾದ ಪ್ರಶ್ನೆ ಬೇರೆ. ಅಡವಿಟ್ಟವ್ರು ‘ಒಡವೆ ಬಿಡಿಸ್ಕೊಂಡ್ ಬಂದೆ’ ಅಂತೀವಿ, ಎಷ್ಟ್ ಚೆನ್ನಾಗಿದೆ. ಕೊಡೋ ಕಡೆಯವ್ರಿಗೆ ಅಷ್ಟೇ ಗಟ್ಟಿ ಮಾತು ಯಾವ್ದು? ವಾಪಸ್ ಕೊಟ್ರು ಅಂದ್ರೆ ಪಕ್ಕದ್ಮನೆ ಪಾತ್ರೆ ತರ ಕೇಳುತ್ತೆ. ಧಾರವಾಡದ ಕಡೆ ‘ಹೊಳ್ಳಿ ಕೊಡು’ (ಮರಳಿ ಕೊಡು) ಅಂತಾರಲ್ಲ, ಅಡವಿಗೂ ಅದನ್ನೇ ಅಂತಾರಾ, ಬೇರೆ ಇದ್ಯಾ? ಗಿರವಿ ಅಂಗಡಿ ಕಡೆಯ ಮಾತು ಗೊತ್ತಿರೋರು ಹೇಳಿ.