22 ತಿಂಗಳ ಮಗು ಎಬಿಸಿಡಿ ಹೇಳುತ್ತೆ, ನೀರು ಕೇಳಲ್ಲ. ಮೊಬೈಲ್ ಕಾರಣವಾ?

ಪ್ರಶ್ನೆ (ತುಮಕೂರಿನ ತಾಯಿ)
ಮಗನಿಗೆ 22 ತಿಂಗಳು. ಪ್ರತಿ ತುತ್ತಿಗೂ ಮೊಬೈಲ್ ಬೇಕು, ದಿನಕ್ಕೆ ಹತ್ತಿರ ಹತ್ತಿರ 3 ಗಂಟೆ. ಹಾಲ್‌ನಲ್ಲಿ ಟಿವಿ ಸದಾ ಓಡುತ್ತಿರುತ್ತೆ. ಎಬಿಸಿಡಿ, 1ರಿಂದ 10 ಎಲ್ಲಾ ಹೇಳ್ತಾನೆ. ನೀರು ಬೇಕಾದರೆ ಮಾತ್ರ ಕೈ ಹಿಡಿದು ಎಳೆದುಕೊಂಡು ಹೋಗ್ತಾನೆ. ಬೇಕು ಅಂತ ಬಳಸುವ ಪದ ಏಳೆಂಟು. ಮೊಬೈಲ್ ಬಿಡಿಸಿದರೆ ಸಾಕಾ? ಗಂಡುಮಕ್ಕಳು ತಡ, ಮೂರು ವರ್ಷದವರೆಗೆ ನೋಡೋಣ ಅಂತಾರೆ ಅತ್ತೆ. ಪಕ್ಕದ ಮನೆಯವರು ಉರ್ದು ಮಾತಾಡ್ತಾರೆ, ಅದರಿಂದ ಗೊಂದಲ ಆಗಿರಬಹುದಾ?

ಮಾತು_ಥೆರಪಿ
ಎಬಿಸಿಡಿ ಬಾಯಿಪಾಠ, ಅದನ್ನು ಎಣಿಸಬೇಡಿ. ‘ಭೌ ಭೌ’, ‘ಮಮ್ಮು’, ‘ಟಾಟಾ’ ಎಣಿಸಿ, ಉರ್ದು ಪದ ಇದ್ದರೆ ಅದನ್ನೂ ಸೇರಿಸಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. 24 ತಿಂಗಳಿಗೆ ಸುಮಾರು 50 ಪದ, ಜೊತೆಗೆ ‘ಅಪ್ಪ ಬಾ’ ಥರ ಎರಡು ಪದ ಕೂಡಿಸುವುದು ಬರಬೇಕು. ಏಳೆಂಟು ಅಂದರೆ ಕಡಿಮೆಯೇ. ಕಾಯಬೇಡಿ ಅತ್ತೆಯವರೇ, ಕ್ಷಮಿಸಿ.

ಬೇಕಾದ್ದನ್ನು ಬೆರಳು ತೋರಿಸಿ ಕೇಳ್ತಾನಾ? ಹೆಸರು ಕರೆದರೆ ತಿರುಗ್ತಾನಾ? ಇಲ್ಲ ಅಂದರೆ ಎಂ-ಚಾಟ್ ಪ್ರಶ್ನಾವಳಿ (ಆಟಿಸಂ ಲಕ್ಷಣ ಇದೆಯಾ ಅಂತ ಮೊದಲ ಹಂತದಲ್ಲಿ ನೋಡುವ ಪ್ರಶ್ನೆಗಳು) ಮಾಡಿಸಿ. ಅದು 16ರಿಂದ 30 ತಿಂಗಳ ಮಕ್ಕಳಿಗೇ ಇರುವುದು.

ಮಕ್ಕಳ_ಡಾಕ್ಟರ್
ಪರದೆಯ ಬೆಳಕಿಗಿಂತ ದೊಡ್ಡ ತೊಂದರೆ ಎದುರುಮಾತು ಇಲ್ಲದಿರುವುದು. 2003ರಲ್ಲಿ ಪೆಟ್ರಿಶಿಯಾ ಕುಲ್ ತಂಡ 9 ತಿಂಗಳ ಅಮೆರಿಕನ್ ಶಿಶುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸಿದವರಿಂದ ಮಕ್ಕಳು ಅದರ ಧ್ವನಿಗಳನ್ನು ಕಲಿತವು, ಅದನ್ನೇ ವಿಡಿಯೊದಲ್ಲಿ ನೋಡಿದ ಮಕ್ಕಳು ಕಲಿಯಲಿಲ್ಲ. ಟಿವಿ ಸುಮ್ಮನೆ ಓಡುತ್ತಿದ್ದರೂ ದೊಡ್ಡವರ ಮಾತು ತಗ್ಗುತ್ತದೆ. 2009ರ ಒಂದು ಅಧ್ಯಯನದಲ್ಲಿ ಟಿವಿ ಸದ್ದಿನ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಪದಗಳು ಸುಮಾರು 770 ಕಡಿಮೆ ಇದ್ದವು. ಹಾಗಾಗಿ ಮೊದಲು ಹಾಲ್‌ನ ಟಿವಿ ಆರಿಸಿ.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ: 2 ವರ್ಷದೊಳಗೆ ಪರದೆ ಬೇಡ, 2ರಿಂದ 5ಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರು ಪಕ್ಕದಲ್ಲಿದ್ದು. ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಪರವಾಗಿಲ್ಲ, ಅಲ್ಲಿ ಮಗು ಕೂಗಿದರೆ ಆ ಕಡೆಯಿಂದ ಉತ್ತರ ಬರುತ್ತದೆ.

ತಿಂಡಿ_ತಂಟೆ
ಊಟದಿಂದಲೇ ಶುರು ಮಾಡಿ. ಮೊಬೈಲ್ ಇನ್ನೊಂದು ರೂಮಿಗೆ, ಎಲ್ಲರೂ ಜೊತೆಗೆ ನೆಲಕ್ಕೆ, ಮಗುವಿನ ತಟ್ಟೆಗೆ ಎರಡು ಚಮಚ ಅನ್ನ ಸಾರು. 20–30 ನಿಮಿಷ ಆದಮೇಲೆ ತಟ್ಟೆ ತೆಗೆಯಿರಿ, ನಡುವೆ ಬಿಸ್ಕೆಟ್ ಬೇಡ. ಮೊದಲ ಕೆಲವು ದಿನ ಅಳು ಜೋರು, ಊಟ ಕಮ್ಮಿ. ಎಡವುವುದು ಅಲ್ಲೇ: ಮೂರನೇ ದಿನ ಮನೆಯಲ್ಲಿ ಯಾರೋ ಒಬ್ಬರು ಕರಗಿ ಕೊಟ್ಟುಬಿಡುತ್ತಾರೆ, ಜೋರಾಗಿ ಅತ್ತರೆ ಸಿಗುತ್ತೆ ಅಂತ ಮಗು ಕಲಿಯುತ್ತೆ.

ಮಾತು_ಥೆರಪಿ
ಮೊಬೈಲ್ ಬಿಟ್ಟು ಖಾಲಿಯಾದ ಹೊತ್ತಿಗೆ ಇದನ್ನು ತುಂಬಿ. ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿ ಬಾಳೆಹಣ್ಣಿನ ತುಂಡು ಹಾಕಿ ಕೊಡಿ. ತೆಗೆಯಲಾಗದೆ ನಿಮ್ಮ ಕೈಗಿಡುತ್ತಾನೆ. ಮುಖ ನೋಡಿ, ಮನಸ್ಸಿನಲ್ಲೇ ಐದು ಎಣಿಸಿ. ‘ತೆ’ ಅಂದರೂ ಸಾಕು, ‘ತೆಗಿ!’ ಅಂತ ಹೇಳಿ ತೆಗೆಯಿರಿ. ಏನೂ ಅನ್ನದಿದ್ದರೂ ಪದ ನೀವೇ ಹೇಳಿ ಕೊಟ್ಟುಬಿಡಿ, ಸತಾಯಿಸಬೇಡಿ. ಅವನು ‘ಹಾಲು’ ಅಂದರೆ ನೀವು ‘ಬಿಸಿ ಹಾಲು’ ಅನ್ನಿ, ಒಂದೇ ಪದ ಹೆಚ್ಚು. ದಿನವಿಡೀ ‘ಇದೇನು? ಅದೇನು?’ ಅಂತ ಪರೀಕ್ಷೆ ಮಾಡಿದರೆ ಮಗು ಮುಖ ತಿರುಗಿಸುತ್ತೆ.

ಕಿವಿ_ಪರೀಕ್ಷೆ
ಎಲ್ಲರೂ ಮೊಬೈಲ್ ಮೇಲೆ ಹಾಕುತ್ತಿದ್ದೀರಿ, ಕಿವಿ ನೋಡಿಸಿದ್ದೀರಾ? ಹಾಡಿಗೆ ತಿರುಗುತ್ತಾನೆ ಅನ್ನುವುದು ಪುರಾವೆಯಲ್ಲ. ಶೀತದಿಂದ ಕಿವಿಯ ತಮಟೆಯ ಹಿಂದೆ ನೀರು ನಿಂತರೆ ದೊಡ್ಡ ಸದ್ದು ಕೇಳುತ್ತೆ, ಮೆಲುಮಾತು ತಪ್ಪುತ್ತೆ. ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ಕೇಂದ್ರ) ವಿಚಾರಿಸಿ, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಬೆರಾ ಟೆಸ್ಟ್‌ಗೆ (ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಮಗು ನಿದ್ದೆಯಲ್ಲಿರಬೇಕು. ಅವತ್ತು ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ.