ಬಸ್ಸಿಂದ ಬಸ್ಸಿಗೆ ವಿಡಿಯೊ ಕಳಸಾದು: ರಿವಾರ್ಡ್ ಮ್ಯಾಲ ಏರವಲ್ದು, ಏನ್ ಮಾಡ್ಲಿ?

ಎಂಟೆಕ್_ಕಲಬುರಗಿ:
ನಮಸ್ಕಾರ್ರಿ. ಪ್ರಾಜೆಕ್ಟ್ ಹಿಂಗದ: ಕಲಬುರಗಿ–ಬೀದರ್ ಬಸ್ಸುಗಳು ರಸ್ತಾ ಕೆಟ್ಟಿದ್ದು, ಗಾಡಿ ಪಲ್ಟಿ ಆಗಿದ್ದು ವಿಡಿಯೊ ತಗೊಂಡು, ಕ್ಲೌಡಿಗೆ ಕಳಸದೆ ಎದುರು ಬರೋ ಬಸ್ಸಿಗೇ ಕೊಡಬೇಕು. ಹುಮನಾಬಾದಿನ್ಯಾಗ ಎನ್‌ಎಚ್ 50, 65 ಕೂಡೋ ಕಡೆ ರಸ್ತಾ ಬಾಜೂಕ ಒಂದು ಎಡ್ಜ್ ಬಾಕ್ಸ್ (ಕ್ಲಿಪ್ ಇಟ್ಕೊಳ್ಳೋ ಸಣ್ಣ ಕಂಪ್ಯೂಟರ್). ಅದರಾಗ ಯಾವ ಕ್ಲಿಪ್ ಇಡಬೇಕು, ಯಾವುದು ತೆಗೀಬೇಕು ಅಂತ ಡೀಪ್ ಕ್ಯೂ-ಲರ್ನಿಂಗ್ (ಮಾಡಿ ನೋಡಿ, ಸಿಕ್ಕ ಅಂಕದಿಂದ, ಅಂದ್ರ ರಿವಾರ್ಡಿಂದ, ತಾನೇ ಕಲಿಯೋ ಪದ್ಧತಿ) ಹಾಕೀನಿ. ಸಿಮ್ಯುಲೇಶನ್ ಎಷ್ಟು ಓಡಿಸಿದ್ರೂ ರಿವಾರ್ಡ್ ಸೊನ್ನೆ ಹತ್ರಾನೇ ಕುಂತದ.

ಕಲ್ಯಾಣದ_ಅಣ್ಣ:
ತಮ್ಮಾ, ಮೊದಲ ಸೆಕೆಂಡ್ ಲೆಕ್ಕ ಹಾಕು. ಎರಡೂ ಬಸ್ಸು ತಾಸಿಗೆ 60 ಕಿ.ಮೀ. ಅಂದ್ರ ಎದುರುಬದುರು ಸೆಕೆಂಡಿಗೆ 33 ಮೀಟರ್. ರೇಡಿಯೊ 300 ಮೀಟರ್ ಮುಟ್ಟತದ ಅಂತ ಹಿಡಿ, ಬರಾಗ 300, ಹೋಗಾಗ 300, ಒಟ್ಟು 18 ಸೆಕೆಂಡ್. 802.11ಪಿ (ಗಾಡಿ-ಗಾಡಿ ನಡುವಿನ ವೈಫೈ) ಒಳಗ ಸೆಕೆಂಡಿಗೆ 6 ಮೆಗಾಬಿಟ್ ಸಿಕ್ರ, 8 ಬಿಟ್ಟಿಗೊಂದು ಬೈಟ್, ಕಾಗದದ ಮ್ಯಾಲ 13.5 ಎಂಬಿ. ನಡುವೆ ಕಬ್ಬಿನ ಲಾರಿ ಬಂತಂದ್ರ ಅದೂ ಇಲ್ಲ. ನಿನ್ನ ಕ್ಲಿಪ್ ಎಷ್ಟದ?

ಎಂಟೆಕ್_ಕಲಬುರಗಿ:
40 ಎಂಬಿ ಅಣ್ಣಾ.

ಕಲ್ಯಾಣದ_ಅಣ್ಣ:
ಮತ್ತ? ಪೂರಾ ಮುಟ್ಟಿದ್ರ ಮಾತ್ರ ರಿವಾರ್ಡ್ ಅಂತ ಇಟ್ಟಿರ್ತಿ. ಒಂದೂ ಪೂರಾ ಮುಟ್ಟಂಗಿಲ್ಲ, ಅದು ಕಲಿಯೋದಾದ್ರೂ ಏನು? ಕ್ಲಿಪ್ ತುಂಡು ಮಾಡು. ಮೊದಲನೇ ತುಂಡಿನ್ಯಾಗ ಜಾಗ, ಟೈಮು, ಒಂದು ಫೋಟೊ ಇರಲಿ. ಡ್ರೈವರಗ ಅಷ್ಟೇ ಸಾಕು. ರಿವಾರ್ಡೂ ತುಂಡಿಗೊಂದು ಕೊಡು.

ಇನ್ನೊಂದು, ಯಾವ ಕ್ಲಿಪ್ಪಿಗೆ ಬೇಡಿಕೆ ಹೆಚ್ಚು ಅಂತ ಊಹೆ ಮಾಡೋದು ಆಮ್ಯಾಲಿಂದು. ಸಂಪರ್ಕ ಎಷ್ಟು ಸೆಕೆಂಡ್ ಉಳೀತದ ಅಂಬೋದು ಮೊದಲ. ಜಿಪಿಎಸ್, ವೇಗ, ದಿಕ್ಕು, ಸಿಗ್ನಲ್ ಬಲ ಕೊಟ್ಟು ಗ್ರೇಡಿಯೆಂಟ್ ಬೂಸ್ಟಿಂಗ್ (ಸಣ್ಣ ಸಣ್ಣ ಡಿಸಿಷನ್ ಟ್ರೀ ಕೂಡಿಸಿ ಊಹೆ ಮಾಡೋ ಪದ್ಧತಿ) ಹಚ್ಚಿ ನೋಡು. ದಿಕ್ಕು ಮರೀಬ್ಯಾಡ: ಕಮಲಾಪುರದ ಹತ್ರ ತಗ್ಗು ಬಿದ್ದಿದ್ದು ಕಲಬುರಗಿ ಕಡೆ ಹೋಗೋ ಬಸ್ಸಿಗೆ ಬೇಕು, ಹುಮನಾಬಾದಿನ್ಯಾಗ ಹೈದರಾಬಾದ್ ಕಡೆ ತಿರುಗೋದಕ್ಕ ಯಾಕ? ಹೆಚ್ಚು ಕೇಳಿದ್ದು ಇಡು, ಕೇಳದಿದ್ದದ್ದು ತೆಗಿ, ಈ ಸಾದಾ ನಿಯಮಕ್ಕಿಂತ ಮುಂದ ಹೋಗಲಿಲ್ಲಂದ್ರ ಡೀಪ್ ಕ್ಯೂ ಖಾಲಿಪೀಲಿ ದಂಡ.

ಯಾದಗಿರಿ_ಎಂಬೆಡೆಡ್:
ಗೈಡ್ ಸರ್ ಫೆಡರೇಟೆಡ್ ಲರ್ನಿಂಗ್ (ಒಂದೊಂದು ಬಸ್ಸು ತಂತಮ್ಮ ಡೇಟಾದಿಂದ ಕಲಿತು, ಕಲಿತದ್ದಷ್ಟೇ ಕೂಡಸೋದು) ಸೇರಸು ಅಂದೇ ಅಂತಾರ, ಎಲ್ಲರಿಗೂ ಅಂತಾರ. ಸೇರಸ್ರಿ, ಆದ್ರ ಮಾಡೆಲ್ ತೂಕ (ಕಲಿತ ಅಂಕಿಗಳು, ವೇಟ್ಸ್) ರಸ್ತಾದ ಮ್ಯಾಲ ಕಳಸಬ್ಯಾಡ್ರಿ. ರಾತ್ರಿ ಡಿಪೋದಾಗ ಬಸ್ಸು ನಿಂತಾಗ ವೈಫೈ ಮ್ಯಾಲ ಕೂಡಸ್ರಿ. ಮತ್ತ ಇಂಜಿನ್ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಬಿದ್ದು ಬೋರ್ಡ್ ರೀಸ್ಟಾರ್ಟ್ ಆಗ್ತದ, ಅದಕ್ಕ ಪವರ್ ಸಪ್ಲೈ ಚಲೋದು ಹಾಕ್ರಿ. ಮೇ ತಿಂಗಳ ನಮ್ಮ ಬಿಸಲಿಗೆ ಮುಚ್ಚಿದ ಡಬ್ಬಿನ್ಯಾಗ ಜೆಟ್ಸನ್ (ಸಣ್ಣ ಎಐ ಕಂಪ್ಯೂಟರ್ ಬೋರ್ಡ್) ತಾನೇ ನಿಧಾನ ಆಗ್ತದ. ಕಡಿಮಿ ವ್ಯಾಟಿನ ಮೋಡಿನ್ಯಾಗೂ ಅಳದು ನೋಡ್ರಿ.

ಎಂಟೆಕ್_ಕಲಬುರಗಿ:
ಅಣ್ಣಾ, ತುಂಡು ಎಷ್ಟು ಕೆಬಿ ಇಡ್ಲಿ?

ಕಲ್ಯಾಣದ_ಅಣ್ಣ:
256ರಿಂದ ಶುರು ಮಾಡು. ಸುಮೋ (ಗಾಡಿ ಓಡಾಟದ ಸಿಮ್ಯುಲೇಟರ್) ಒಳಗ ಲಾರಿ ಹೆಚ್ಚಿಗಿ ಬಿಟ್ಟು ಇನ್ನೊಮ್ಮೆ ಓಡಸು.